ನಮ್ಮನ್ನೂ ಪ್ರಶ್ನೆ ಕೇಳಿ: ಕನ್ನಡ ಪೋಷಕರಿಗೆ ಮುಖ್ಯೋಪಾಧ್ಯಾಯಿನಿಯ ಪತ್ರ

ಪ್ರಿಯ ಪೋಷಕರಿಗೆ ನಮಸ್ಕಾರ.

ಪುಸ್ತಕ, ರೇನ್‌ಕೋಟು, ಬಸ್ಸಿನ ಸಮಯ ಇವುಗಳ ಸುತ್ತೋಲೆ ಆಗಲೇ ನಿಮ್ಮ ಕೈ ಸೇರಿದೆ. ಈ ಪತ್ರ ಅದಕ್ಕಲ್ಲ. ಇದರ ಮರಾಠಿ, ಹಿಂದಿ ಪ್ರತಿಗಳು ಆಫೀಸಿನಿಂದ ಹೋಗುತ್ತವೆ. ಕನ್ನಡದ್ದನ್ನು ಮಾತ್ರ ನಾನೇ ಕೂತು ಬರೆಯುತ್ತಿದ್ದೇನೆ. ಹೋಟೆಲುಗಳಲ್ಲಿ ದುಡಿಯುವ ಉಡುಪಿ, ಕುಂದಾಪುರದ ಕಡೆಯವರು, ಕಟ್ಟಡದ ಕೆಲಸಕ್ಕೂ ಮನೆಗೆಲಸಕ್ಕೂ ಹೋಗುವ ಕಲಬುರಗಿ, ಯಾದಗಿರಿ, ವಿಜಯಪುರದವರು ಮುಂಬಯಿಯ ನಮ್ಮ ಕ್ರೈಸ್ತ ಶಾಲೆಯ ಪೋಷಕರಲ್ಲಿ ಸಾಕಷ್ಟಿದ್ದೀರಿ. ಪೋಷಕರ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಏನೂ ಕೇಳದೆ, ಹೊರಡುವಾಗ ಕೈಮುಗಿದು "ಎಲ್ಲಾ ಚೆನ್ನಾಗಿದೆ ಟೀಚರ್" ಅನ್ನುವವರಲ್ಲಿ ಹೆಚ್ಚಿನವರೂ ನೀವೇ.

ಈ ವರ್ಷ ಹಾಗೆ ಹೇಳಿ ಹೋಗಬೇಡಿ ಅನ್ನುವುದಕ್ಕೇ ಈ ಪತ್ರ. ಮಕ್ಕಳು ಹೇಗಿದ್ದಾರೆ, ಅವರಿಗೆ ಪಾಠ ಹೇಳುವವರು, ಕಸ ಗುಡಿಸುವವರು, ಗೇಟು ಕಾಯುವವರು ಹೇಗಿದ್ದಾರೆ ಎಂಬುದಕ್ಕೆ ಉತ್ತರ ಕೊಡಬೇಕಾದವರು ಆಡಳಿತ ಮಂಡಳಿ, ಅದರ ಮ್ಯಾನೇಜರ್ ಆಗಿರುವ ಫಾದರ್ ಮತ್ತು ನಾನು. ಉತ್ತರ ಕೇಳುವ ಹಕ್ಕು ನಿಮ್ಮದು.

ನಿಮ್ಮ ಸಂಕೋಚ ನನಗೆ ಗೊತ್ತಿಲ್ಲದ್ದೇನಲ್ಲ. "ಫಾದರ್ ಇದ್ದಾರೆ, ಸಿಸ್ಟರ್ ಇದ್ದಾರೆ, ದೇವರ ಜಾಗ, ನಮ್ಮ ಮಗುವಿಗೆ ಇನ್ನೇನು ಭಯ?" ಅನ್ನುತ್ತೀರಿ. ನಮ್ಮ ಊರುಗಳಲ್ಲಿ ಮಿಷನ್ ಶಾಲೆ, ಮಿಷನ್ ಆಸ್ಪತ್ರೆ ನಡೆಸಿದ ಎಷ್ಟೋ ಜನ ದುಡಿದು ಗಳಿಸಿದ ನಂಬಿಕೆ ಅದು. ಆ ಗಳಿಕೆಯನ್ನು ನಾವು ಕೂತು ತಿನ್ನುವಂತಿಲ್ಲ. ಗೇಟಿನ ಮೇಲೆ ಶಿಲುಬೆ ಇದ್ದ ಮಾತ್ರಕ್ಕೆ ಒಳಗಿನವರೆಲ್ಲ ಸಂತರಾಗುವುದಿಲ್ಲ ಎಂಬುದನ್ನು ಧರ್ಮಸಭೆಯೇ (ಕ್ಯಾಥೋಲಿಕ್ ಚರ್ಚೇ) ಒಪ್ಪಿಕೊಂಡಿದೆ. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ನಿಯಮದ ಪ್ರಕಾರ ಪ್ರತಿ ಧರ್ಮಪ್ರಾಂತ್ಯದಲ್ಲೂ, ಅಂದರೆ ಒಬ್ಬೊಬ್ಬ ಬಿಷಪರ ಆಡಳಿತದ ಪ್ರದೇಶದಲ್ಲೂ, ಲೈಂಗಿಕ ದೌರ್ಜನ್ಯದ ದೂರು ಕೊಡಲು ವ್ಯವಸ್ಥೆ ಇರಬೇಕು. ತಪ್ಪು ಮಾಡಿದವರನ್ನಷ್ಟೇ ಅಲ್ಲ, ಮೇಲಿನ ಸ್ಥಾನದಲ್ಲಿ ಕೂತು ಅದನ್ನು ಮುಚ್ಚಿಹಾಕಿದವರನ್ನೂ ಆ ನಿಯಮ ಬಿಡುವುದಿಲ್ಲ. ಬೈಬಲ್ಲಿನಲ್ಲಿ ಯೆಹೆಜ್ಕೇಲನ 34ನೇ ಅಧ್ಯಾಯವನ್ನು ಓದಿದವರಿಗೆ ಇದು ಹೊಸದೆನಿಸದು. ಅಲ್ಲಿ ಮೊದಲು ಬೈಸಿಕೊಳ್ಳುವುದು ಕುರಿಗಳಲ್ಲ, ಕುರುಬರು.

2024ರ ಆಗಸ್ಟಿನಲ್ಲಿ ಬದ್ಲಾಪುರದಲ್ಲಿ ನಡೆದದ್ದು ನಿಮಗೆಲ್ಲ ನೆನಪಿರುತ್ತದೆ. ಶಿಶುವಿಹಾರದ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ಶಾಲೆಯೊಳಗೇ ದೌರ್ಜನ್ಯವಾಯಿತು. ಜನ ರೈಲ್ವೆ ಹಳಿಗೆ ಇಳಿದರು, ಗಂಟೆಗಟ್ಟಲೆ ಲೋಕಲ್ ನಿಂತಿತು, ಮುಂಬಯಿ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆರೋಪಿಯ ಹೆಸರು ಎಲ್ಲರ ಬಾಯಲ್ಲಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಮಾತ್ರ ಚರ್ಚೆಯಾದದ್ದು ಬೇರೆ: ವಿಷಯ ಗೊತ್ತಾದ ಮೇಲೂ ಪೊಲೀಸರಿಗೆ ತಿಳಿಸದೆ ಇದ್ದರೆಂದು ಶಾಲೆಯ ಆಡಳಿತದವರ ಮೇಲೂ ಕೇಸು ಬಿತ್ತಲ್ಲ, ಅದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಹೇಳುವುದು ಇದನ್ನೇ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದವರು, ನಡೆಯಬಹುದೆಂಬ ಆತಂಕ ಇರುವವರು ಕೂಡ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದ ಸಾಮಾನ್ಯರಿಗೆ 6 ತಿಂಗಳವರೆಗೆ ಸಜೆ. ತನ್ನ ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. "ಮೊದಲು ನಾವೇ ಒಳಗೊಳಗೆ ವಿಚಾರಿಸಿ ನೋಡೋಣ, ಶಾಲೆಯ ಹೆಸರಿನ ಪ್ರಶ್ನೆ" ಎಂದು ಯಾರಾದರೂ ನಿಮಗೆ ಹೇಳಿದರೆ, ಅದು ನಾನೇ ಆಗಿದ್ದರೂ, ಕೇಳಬೇಡಿ. ನೇರ ಪೊಲೀಸ್ ಠಾಣೆಗೆ ಹೋಗಿ, ಇಲ್ಲವೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದೇ ಕಲಮಿನಲ್ಲಿದೆ.

ಕೆಲವರು ಇನ್ನೊಂದು ಮಾತು ಹೇಳುತ್ತಾರೆ: "ನಿಮ್ಮದು ಅಲ್ಪಸಂಖ್ಯಾತರ ಶಾಲೆ, ನಿಮ್ಮನ್ನು ಯಾರು ಕೇಳಬೇಕು?" ಸಂವಿಧಾನದ 30ನೇ ವಿಧಿ ನಮಗೆ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ, ನಿಜ. ನಡೆಸುವ ಹಕ್ಕಿನಲ್ಲಿ ಕೆಟ್ಟದಾಗಿ ನಡೆಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1958ರಲ್ಲೇ, ಕೇರಳದ ಶಿಕ್ಷಣ ಮಸೂದೆಯ ವಿಚಾರದಲ್ಲಿ, ಹೇಳಿಬಿಟ್ಟಿದೆ. ಶಿಕ್ಷಣ ಹಕ್ಕು ಕಾಯ್ದೆ ನಮ್ಮಂಥ ಶಾಲೆಗಳಿಗೆ ಅನ್ವಯಿಸದು ಎಂಬ 2014ರ ತೀರ್ಪೂ ಇದೆ. ಅದರ ಅರ್ಥ ಪೋಕ್ಸೊ ನಮಗಿಲ್ಲ ಅಂತಲ್ಲ, ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ಮಹಿಳಾ ಸಿಬ್ಬಂದಿಗಾಗಿ ಇರುವ 2013ರ ಕಾಯ್ದೆ ನಮಗಿಲ್ಲ ಅಂತಲೂ ಅಲ್ಲ.

ಆದರೆ ಆ ಹಕ್ಕಿನಲ್ಲಿ ನನಗೇ ಸಂಬಂಧಿಸಿದ ಒಂದು ಗಂಟು ಇದೆ, ಅದನ್ನು ನಿಮ್ಮ ಮುಂದೆ ಬಿಚ್ಚಿಡಬೇಕು. ಬೇರೆ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಹುದ್ದೆಗೆ ಹಿರಿತನ ನೋಡುತ್ತಾರೆ. ಅಲ್ಪಸಂಖ್ಯಾತ ಶಾಲೆಯ ಆಡಳಿತ ತನಗೆ ಬೇಕಾದವರನ್ನು ಆರಿಸಿಕೊಳ್ಳಬಹುದು, ಮಹಾರಾಷ್ಟ್ರದ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ನನ್ನನ್ನೂ ಹಾಗೇ ಆರಿಸಿದ್ದು. ಅಂದ ಮೇಲೆ ನನ್ನ ಮೇಲೆ ದೂರು ಬಂದರೆ ಅದನ್ನು ತೂಗುವವರು ನನ್ನನ್ನು ಆರಿಸಿದವರೇ. ಮಂಡಳಿಯ ಮೇಲೆ ದೂರು ಬಂದರೆ ಅದು ಬರುವುದು ನನ್ನ ಮೇಜಿಗೆ, ನನ್ನ ಕುರ್ಚಿ ಇರುವುದು ಅವರ ಕೈಯಲ್ಲಿ. ಎಲ್ಲರೂ ಒಳ್ಳೆಯವರಾಗಿದ್ದರೂ ಇದು ಒಳ್ಳೆಯ ವ್ಯವಸ್ಥೆ ಅಲ್ಲ. ಆದ್ದರಿಂದ ಈ ವರ್ಷದಿಂದ ನನ್ನ, ಫಾದರ್ ಅವರ ಅಥವಾ ಮಂಡಳಿಯ ಯಾವುದೇ ಸದಸ್ಯರ ಮೇಲಿನ ದೂರು ಶಾಲೆಯ ಆಫೀಸಿಗೆ ಬರುವುದಿಲ್ಲ. ಅದಕ್ಕೆ ಹೊರಗಿನ ಇಬ್ಬರನ್ನು ಗೊತ್ತುಮಾಡಿದೆ, ಒಬ್ಬರು ವಕೀಲರು, ಇನ್ನೊಬ್ಬರು ಮಕ್ಕಳ ವೈದ್ಯರು. ಇಬ್ಬರೂ ಶಾಲೆಯಿಂದ ಸಂಬಳ ಪಡೆಯುವವರಲ್ಲ, ನಮ್ಮ ಇಗರ್ಜಿಯವರೂ (ಚರ್ಚಿನವರೂ) ಅಲ್ಲ. ಅವರನ್ನು ಹೇಗೆ ಸಂಪರ್ಕಿಸುವುದೆಂದು ಡೈರಿಯ ಮೊದಲ ಪುಟದಲ್ಲಿದೆ. ಮಂಡಳಿ ಇದಕ್ಕೆ ಒಪ್ಪಲು ಕೆಲವು ಸಭೆಗಳೇ ಬೇಕಾದವು, ಅದನ್ನೂ ಹೇಳಿಬಿಡುತ್ತೇನೆ.

ಇನ್ನು ಸಿಬ್ಬಂದಿಯ ವಿಷಯ. ಸುರಕ್ಷತೆ ಅಂದರೆ ಎಲ್ಲರೂ "ಎಷ್ಟು ಸಿಸಿಟಿವಿ ಹಾಕಿದ್ದೀರಿ?" ಎಂದು ಕೇಳುತ್ತಾರೆ. ಕೇಳಿ, ತಪ್ಪಿಲ್ಲ. ಪೋಷಕಿಯಾಗಿದ್ದರೆ ನಾನು ಮೊದಲು ಕೇಳುತ್ತಿದ್ದದ್ದು ಬೇರೆ: ಕರಾರು ಮುಗಿಯುವ ಏಪ್ರಿಲ್ ಬಂತೆಂದರೆ ಈ ಶಾಲೆಯಲ್ಲಿ ಎಷ್ಟು ಟೀಚರುಗಳಿಗೆ ನಿದ್ದೆ ಬರುವುದಿಲ್ಲ? ಮಗು ತನಗೆ ಆದದ್ದನ್ನು ಕ್ಯಾಮೆರಾಕ್ಕೆ ಹೇಳುವುದಿಲ್ಲ. ಕ್ಲಾಸ್ ಟೀಚರಿಗೆ ಹೇಳುತ್ತದೆ, ಅದಕ್ಕಿಂತ ಹೆಚ್ಚಾಗಿ ಆಯಾಗೆ ಹೇಳುತ್ತದೆ. ಆ ಟೀಚರಿನ ಕರಾರು ವರ್ಷಕ್ಕೊಮ್ಮೆ ನವೀಕರಣವಾಗುವಂಥದ್ದು, ದೂರು ಇರುವುದು ಮ್ಯಾನೇಜರಿಗೆ ಬೇಕಾದ ಹಿರಿಯ ಶಿಕ್ಷಕರ ಮೇಲೆ ಅಂತಿಟ್ಟುಕೊಳ್ಳಿ. ಮನೆ ಬಾಡಿಗೆ, ಅತ್ತೆಯ ಔಷಧಿ, ಮಗನ ಫೀಸು ಎಲ್ಲವನ್ನೂ ಲೆಕ್ಕ ಹಾಕಿ ಆಕೆ ಬಾಯಿ ಮುಚ್ಚಿಕೊಂಡರೆ ತಪ್ಪು ಆಕೆಯದು ಮಾತ್ರವೇ?

ಕಾಯಂ ಶಿಕ್ಷಕರಿಗೆ 1977ರ ಮಹಾರಾಷ್ಟ್ರ ಖಾಸಗಿ ಶಾಲಾ ನೌಕರರ ಕಾಯ್ದೆಯ ರಕ್ಷಣೆ ಇದೆ. ವಿಚಾರಣೆ ಇಲ್ಲದೆ ತೆಗೆಯುವಂತಿಲ್ಲ, ತೆಗೆದರೆ 30 ದಿನದೊಳಗೆ ಶಾಲಾ ನ್ಯಾಯಮಂಡಳಿಗೆ ಹೋಗಬಹುದು. ಸರ್ಕಾರದ ಅನುದಾನವಿರುವ ವಿಭಾಗಕ್ಕೆ ಹೊಸದಾಗಿ ಬಂದವರು ಮೊದಲ 3 ವರ್ಷ 'ಶಿಕ್ಷಣ ಸೇವಕ'ರು. 2023ರಲ್ಲಿ ಏರಿಸಿದ ಮೇಲೂ ಅವರ ಮಾನಧನ ಪ್ರಾಥಮಿಕಕ್ಕೆ ತಿಂಗಳಿಗೆ 16,000, ಮಾಧ್ಯಮಿಕಕ್ಕೆ 18,000 ರೂಪಾಯಿ. ಮುಂಬಯಿಯಲ್ಲಿ ಒಂದು ಖೋಲಿಯ ಬಾಡಿಗೆ ನಿಮಗೇ ಗೊತ್ತು. ಅನುದಾನವಿಲ್ಲದ ತರಗತಿಗಳ ಕರಾರು ಟೀಚರುಗಳಿಗೆ ಅಷ್ಟು ಭರವಸೆಯೂ ಇರುವುದಿಲ್ಲ. ಇನ್ನು ಮುಂದೆ ನಮ್ಮಲ್ಲಿ ಕರಾರು ಮುಂದುವರಿಸದಿದ್ದರೆ ಕಾರಣವನ್ನು ಬರೆದು ಕೊಡಬೇಕು. ಆ ವರ್ಷ ಯಾವುದಾದರೂ ದೂರು ಕೊಟ್ಟವರನ್ನು ಕೈಬಿಡುವುದಾದರೆ ಹೊರಗಿನ ಆ ಇಬ್ಬರು ನೋಡಿ ಒಪ್ಪಿದ ಮೇಲಷ್ಟೇ.

ಕ್ರೈಸ್ತ ಶಾಲೆಗಳಿಗೆ ಅಂಟಿದ ಇನ್ನೊಂದು ರೋಗವೂ ಇದೆ. ಸಂಬಳ ತಡವಾದರೆ "ಇದು ದೇವರ ಕೆಲಸ", ಭಾನುವಾರ ಕರೆಸಿದರೆ "ಇದು ದೇವರ ಕೆಲಸ". ವಾರ್ಷಿಕ ಹಬ್ಬಕ್ಕೆ ಸ್ಟಾಲು ಹಾಕುವುದು, ಲಾಟರಿ ಟಿಕೆಟ್ ಮಾರುವುದು, ಇಗರ್ಜಿಯ ಅಂಗಳಕ್ಕೆ ತೋರಣ ಕಟ್ಟುವುದು, ಎಲ್ಲವೂ ಟೀಚರುಗಳ ತಲೆಗೆ. ನಮ್ಮ ಟೀಚರುಗಳಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಇಷ್ಟಪಟ್ಟು ಬರುವವರೂ ಇದ್ದಾರೆ. ಬರದವರ ಹೆಸರನ್ನು ಯಾರೂ ಗುರುತು ಹಾಕಿಕೊಳ್ಳಬಾರದು ಎಂಬುದು ಈಗ ಬರಹದಲ್ಲಿದೆ. ನೀವೂ ಒಂದು ಉಪಕಾರ ಮಾಡಿ: ರಾತ್ರಿ ಹತ್ತೂವರೆಗೆ ವಾಟ್ಸ್‌ಆ್ಯಪಿನಲ್ಲಿ "ಟೀಚರ್, ನಾಳೆ ಯಾವ ಬುಕ್?" ಎಂದು ಕೇಳಬೇಡಿ. ಸಂಜೆ 6ರ ಮೇಲೆ ಅವರು ಉತ್ತರಿಸಬೇಕಾಗಿಲ್ಲ.

ಮಹಿಳಾ ಸಿಬ್ಬಂದಿಯ ದೂರಿಗೆ ಆಂತರಿಕ ಸಮಿತಿ ಇದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಯಾವ ಕೆಲಸದ ಜಾಗದಲ್ಲೂ ಅದು ಇರಲೇಬೇಕು, ಹೊರಗಿನ ಸದಸ್ಯರೂ ಇರಬೇಕು. ಕಂತ್ರಾಟುದಾರರ ಮೂಲಕ ಬರುವ ಆಯಾಗಳು, ಸಫಾಯಿಯವರು "ಅದು ಟೀಚರುಗಳಿಗೆ, ನಮಗಲ್ಲ" ಅಂದುಕೊಂಡಿದ್ದಾರೆ. ನಿಮ್ಮ ಅಕ್ಕತಂಗಿಯರೇ ಅಲ್ಲಿ ಕೆಲಸಕ್ಕಿದ್ದಾರೆ. ಅದು ಅವರಿಗೂ ಇದೆ ಎಂದು ಮನೆಯಲ್ಲಿ ಹೇಳಿ.

ಮಕ್ಕಳ ದೂರಿನ ಪೆಟ್ಟಿಗೆ ಈಗ ಎರಡನೇ ಮಹಡಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕದ ತಿರುವಿನಲ್ಲಿದೆ. ಆಫೀಸಿನ ಎದುರು ತೂಗುಹಾಕಿದರೆ ಯಾವ ಮಗು ಚೀಟಿ ಹಾಕೀತು? ಕೀಲಿ ಪೋಷಕರ ಪ್ರತಿನಿಧಿಯ ಬಳಿ ಇರುತ್ತದೆ, ತೆರೆಯುವಾಗ ಕೌನ್ಸೆಲರ್ ಜೊತೆಗಿರುತ್ತಾರೆ. ಚಾಕಲೇಟಿನ ಕಾಗದವೂ ಸಿಗುತ್ತದೆ, "ಗಣಿತದ ಪೀರಿಯಡ್ ರದ್ದು ಮಾಡಿ" ಅನ್ನುವ ಅರ್ಜಿಯೂ ಸಿಗುತ್ತದೆ. ಆದರೆ ಒಮ್ಮೆ ಬೇರೆ ಬೇರೆ ಕೈಬರಹದ ಹಲವು ಚೀಟಿಗಳಲ್ಲಿ ಒಂದೇ ಮಾತಿತ್ತು: ಹುಡುಗಿಯರ ಶೌಚಾಲಯದ ಕೊನೆಯ ಎರಡು ಬಾಗಿಲಿಗೆ ಚಿಲಕ ಇಲ್ಲ. ವಿಚಾರಿಸಿದಾಗ ಗೊತ್ತಾಯಿತು, ಏಳನೇ ತರಗತಿಯ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಬಾಟಲಿ ತುಂಬಿಯೇ ಮನೆಗೆ ವಾಪಸು ಹೋಗುತ್ತದೆ. ತಾಯಂದಿರು "ನೀರು ಕುಡಿಯೋಕೂ ಸೋಮಾರಿತನ" ಎಂದು ಗದರುತ್ತಿದ್ದರಂತೆ. ಚಿಲಕಕ್ಕೆ ಎಷ್ಟು ಖರ್ಚು! ಆ ವರ್ಷ ಸಭಾಂಗಣದ ವೇದಿಕೆಗೆ ಹೊಸ ಪರದೆ ಬಂದಿತ್ತು. ಮಂಡಳಿಯ ಮುಂದೆ ನೀವು ಕೇಳಬೇಕಾದ ಪ್ರಶ್ನೆಗಳು ಇಂಥವೇ: ದುಡ್ಡು ಮೊದಲು ಯಾವುದಕ್ಕೆ ಹೋಯಿತು, ಯಾಕೆ ಹೋಯಿತು?

ಕೌನ್ಸೆಲರ್ ವಾರಕ್ಕೆ ಎರಡು ದಿನ ಬರುತ್ತಾರೆ. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಾದ ಒಬ್ಬರಾದರೂ ಇರಬೇಕೆಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ಸಂಖ್ಯೆಗೆ ಎರಡು ದಿನ ಸಾಲದು. ಇದನ್ನೂ ಮಂಡಳಿಗೆ ಕೇಳಿ. ಮಗು ಅವರಲ್ಲಿ ಆಡಿದ ಮಾತು ನನಗೆ ವರದಿಯಾಗುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ಅಥವಾ ಕಾನೂನು ತಿಳಿಸಲೇಬೇಕೆನ್ನುವ ಸಂಗತಿಯಾಗಿದ್ದರೆ ಹೊರತು. ನಿಮಗೇ ಮನಸ್ಸು ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಇನ್ನೊಂದು ಮಾತು, ಸ್ವಲ್ಪ ಖಾರವೇ ಅನ್ನಿಸಬಹುದು. "ನಾಲ್ಕು ಬಿಗಿಯಿರಿ ಟೀಚರ್, ಮನೆಯಲ್ಲಿ ನಮ್ಮ ಮಾತು ಕೇಳೋದೇ ಇಲ್ಲ" ಎಂದು ನೀವು ಕೊಡುವ ಪರವಾನಗಿಯನ್ನು ನಾವು ತೆಗೆದುಕೊಳ್ಳುವುದಿಲ್ಲ. ಕೊಡುವ ಅಧಿಕಾರ ನಿಮಗೂ ಇಲ್ಲ. ಯಾವ ಟೀಚರಾದರೂ ಹೊಡೆದರೆ, ಬಿಸಿಲಿನಲ್ಲಿ ನಿಲ್ಲಿಸಿದರೆ, ತರಗತಿಯ ಮುಂದೆ "ಹಳ್ಳಿ ಗಮಾರ" ಅಂದರೆ, ಅದಕ್ಕೂ ದೂರು ಕೊಡಿ. ಕನ್ನಡದಲ್ಲಿ ಬರೆದು ಕೊಟ್ಟರೂ ಸಾಕು, ಬಾಯಲ್ಲಿ ಹೇಳಿದರೂ ಸಾಕು. ಬರೆದುಕೊಳ್ಳುವವರು ಪೋಷಕ-ಶಿಕ್ಷಕ ಸಂಘದ ಸದಸ್ಯರು, ಆಫೀಸಿನ ಗುಮಾಸ್ತರಲ್ಲ. ದೂರಿನ ನಂಬರಿರುವ ಚೀಟಿ ಇಸಕೊಳ್ಳದೆ ಮನೆಗೆ ಹೋಗಬೇಡಿ.

ಜುಲೈ ಮೊದಲ ಶನಿವಾರ ಮಧ್ಯಾಹ್ನ 3 ಗಂಟೆಗೆ ಆಡಳಿತ ಮಂಡಳಿ ನಿಮ್ಮ ಮುಂದೆ ಕೂರುತ್ತದೆ. ಹೋಟೆಲಿನವರಿಗೆ ಊಟದ ಗಿರಾಕಿ ಮುಗಿದು ಸಂಜೆಯ ಗಿರಾಕಿ ಶುರುವಾಗುವ ಮೊದಲಿನ ಹೊತ್ತು, ಮನೆಗೆಲಸದವರಿಗೂ ಬಿಡುವು. ಅದನ್ನೇ ನೋಡಿ ಇಟ್ಟ ಸಮಯ. ಭಾಷಣ ಇರುವುದಿಲ್ಲ, ಶಾಲು ಹೊದಿಸುವುದು ಇರುವುದಿಲ್ಲ. ಕಳೆದ ವರ್ಷ ಎಷ್ಟು ದೂರು ಬಂದವು, ಎಷ್ಟು ಮುಗಿದವು, ಎಷ್ಟು ಟೀಚರು ಕೆಲಸ ಬಿಟ್ಟರು, ಯಾಕೆ ಬಿಟ್ಟರು ಎಂಬುದನ್ನು ಮಕ್ಕಳ ಹೆಸರು ಹೊರಬೀಳದ ಹಾಗೆ ಓದಿ ಹೇಳುತ್ತಾರೆ. ಆಮೇಲಿನ ಸಮಯ ನಿಮ್ಮದು. ನೀವು ಕನ್ನಡದಲ್ಲಿ ಕೇಳಿದ್ದನ್ನು ನಾನು ಮರಾಠಿಗೋ ಇಂಗ್ಲಿಷಿಗೋ ಹೇಳುತ್ತೇನೆ. ಪ್ರಶ್ನೆ ನನ್ನ ಮೇಲೆಯೇ ಇದ್ದರೆ ಬೇರೆ ಟೀಚರು ಹೇಳುತ್ತಾರೆ.

ಅದೇ ದಿನ ಪೋಷಕ-ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಗೆ ಚೀಟಿ ಎತ್ತುತ್ತೇವೆ. 2011ರ ಶುಲ್ಕ ನಿಯಂತ್ರಣ ಕಾಯ್ದೆಯ ಪ್ರಕಾರ ಸದಸ್ಯರನ್ನು ಆರಿಸುವುದು ಚೀಟಿ ಎತ್ತಿಯೇ, ಪರಿಚಯ, ಪ್ರಭಾವ ಯಾವುದೂ ನಡೆಯದು. ಹೆಸರು ಕೊಡಲು ಡೈರಿಯ ಕೊನೆಯಲ್ಲಿ ಹಳದಿ ಕಾಗದ ಅಂಟಿಸಿದೆ. ಅದನ್ನು ಹರಿದು, ತುಂಬಿ, ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ ಕಳಿಸಿದರೂ ಹೆಸರು ಚೀಟಿಗೆ ಸೇರುತ್ತದೆ.

ಇಂತಿ,
ಮುಖ್ಯೋಪಾಧ್ಯಾಯಿನಿ
ಮುಂಬಯಿ