ಹೃದಯದ ಕವಾಟ ರಿಪೇರಿ ನಿಂತಿದೆ: ಎಕೋ ಪ್ರೋಬ್‌ಗಾಗಿ ದಾನಿಗಳಲ್ಲಿ ಮನವಿ

ದಾನಿ ಬಂಧುಗಳೇ,

ನಮ್ಮ ಆಪರೇಷನ್ ಥಿಯೇಟರಿನಲ್ಲಿ ಅನ್ನನಾಳದ ಮೂಲಕ ಹೃದಯ ನೋಡುವ ಎಕೋ ಪ್ರೋಬ್ ಹೋದ ವಾರ ಕೆಟ್ಟಿತು. ರೋಗಿ ಕಚ್ಚದಂತೆ ಹಲ್ಲುಗಳ ನಡುವೆ ಇಡುವ ಬೈಟ್ ಗಾರ್ಡ್ ಜಾರಿ ಹಲ್ಲು ತಾಗಿ, ಹೊರಪೊರೆಯಲ್ಲಿ ಸೂಜಿಮೊನೆಯಷ್ಟು ತೂತು. ಕಣ್ಣಿಗೆ ಕಾಣದಿದ್ದರೂ ವಿದ್ಯುತ್ ಹೊರಗೆ ಸೋರುತ್ತದೆಯೇ ಎಂದು ನೋಡುವ ಲೀಕೇಜ್ ಕರೆಂಟ್ ಪರೀಕ್ಷೆಯಲ್ಲಿ ಗೊತ್ತಾಯಿತು. ಅಂಥ ಪ್ರೋಬನ್ನು ರೋಗಿಯ ಗಂಟಲಿಗೆ ಇಳಿಸುವಂತಿಲ್ಲ.

ಕವಾಟ ಬದಲಿಸುವುದಕ್ಕಿಂತ ಇದ್ದದ್ದನ್ನೇ ಸರಿಪಡಿಸುವುದು ನಮ್ಮ ಟ್ರಸ್ಟ್ ಮೊದಲಿನಿಂದ ಹಿಡಿದ ಹಾದಿ, ನಿಮಗೆ ಗೊತ್ತಿರುವುದೇ. ಮಗುವಿಗೆ ಲೋಹದ ಕವಾಟ ಹಾಕಿದರೆ ಮಗು ಬೆಳೆಯುತ್ತದೆ, ಕವಾಟ ಬೆಳೆಯುವುದಿಲ್ಲ. ಜೀವಮಾನವಿಡೀ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ. ಮೈಟ್ರಲ್ ಜಾಗದಲ್ಲಾದರೆ (ಹೃದಯದ ಎಡಬದಿಯ ಮೇಲಿನ-ಕೆಳಗಿನ ಕೋಣೆಗಳ ನಡುವೆ) ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕು. ಇಳಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಏರಿದರೆ ರಕ್ತಸ್ರಾವ. ಹೆಣ್ಣುಮಗಳು ಬಸುರಿಯಾದಾಗ ಅದೇ ಮಾತ್ರೆ ಒಡಲ ಕೂಸಿಗೆ ಕಂಟಕ.

ರುಮ್ಯಾಟಿಕ್ ಜ್ವರ ಕವಾಟದ ಎಸಳುಗಳನ್ನು ದಪ್ಪಗಾಗಿಸಿ ಮೂಲೆಗಳನ್ನು ಅಂಟಿಸಿಬಿಡುತ್ತದೆ. ಅಂಟಿದ್ದನ್ನು ಬಿಡಿಸಿ, ದಪ್ಪ ಪದರ ಸುಲಿದು, ಎಸಳು ಸಾಲದಿದ್ದರೆ ರೋಗಿಯದೇ ಹೃದಯದ ಹೊರಪೊರೆಯ ತುಣುಕನ್ನು ಅದನ್ನು ಗಟ್ಟಿಗೊಳಿಸುವ 0.6% ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಕೆಲ ನಿಮಿಷ ಅದ್ದಿ, ಸಲೈನ್‌ನಲ್ಲಿ ತೊಳೆದು ತೇಪೆ ಹಾಕುತ್ತಾರೆ. ಎಸಳುಗಳನ್ನು ಕೆಳಗಿನಿಂದ ಹಿಡಿದಿಡುವ ತಂತುಗಳು ಕಿತ್ತುಹೋಗಿದ್ದರೆ ಬದಲಿಗೆ ಪಿಟಿಎಫ್‌ಇ ಎಂಬ ಕೃತಕ ದಾರ. ಇದರ ಅಳತೆಯೇ ಕಷ್ಟದ್ದು: ಉದ್ದವಾದರೆ ಎಸಳು ಮೇಲಿನ ಕೋಣೆಗೆ ಮಗುಚಿ ಸೋರುತ್ತದೆ, ಗಿಡ್ಡವಾದರೆ ಕೆಳಗೇ ಸಿಕ್ಕಿಕೊಂಡು ಮುಚ್ಚುವುದಿಲ್ಲ. ದಾರ ನುಣುಪು, ಗಂಟು ಜಾರುತ್ತದೆ. ಹಾಗಾಗಿ ಗಂಟಿನ ಮೇಲೆ ಗಂಟು. ಹೃದಯಕ್ಕೆ ಸಲೈನ್ ತುಂಬಿ ಸೋರುತ್ತದೆಯೇ ನೋಡುತ್ತೇವೆ, ಆದರೆ ಅದು ನಿಂತ ಹೃದಯ. ಮಿಡಿಯತೊಡಗಿದ ಮೇಲೆ ಸೋರುತ್ತದೆಯೇ ಎಂದು ಎದೆ ಮುಚ್ಚುವ ಮುನ್ನವೇ ತೋರಿಸಿಕೊಡುವುದು ಆ ಪ್ರೋಬ್. ಆಗ ಕಂಡರೆ ಮತ್ತೆ ಪಂಪಿಗೆ (ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರಕ್ಕೆ) ಹೋಗಿ ತಿದ್ದಬಹುದು. ತಡವಾಗಿ ಕಂಡರೆ ಇನ್ನೊಮ್ಮೆ ಎದೆ ತೆರೆಯಬೇಕು. ಸೋರುವುದು ಕಂಡೂ ಹಾಗೇ ಬಿಟ್ಟು ಹೊಲಿದವರಲ್ಲ ನಮ್ಮ ವೈದ್ಯರು. ಅದೇ ನಮ್ಮ ಹೆಮ್ಮೆ.

ಉಸಿರುನಾಳ ಕಿರಿದಾಗಿ ಹುಟ್ಟಿದ ಕೂಸುಗಳ ಪಾಡು ಇನ್ನೊಂದು. ಪ್ರತಿ ಉಸಿರಿಗೂ ಕತ್ತಿನ ಕುಳಿ ಒಳಸೇದುತ್ತದೆ. ಸ್ಲೈಡ್ ಟ್ರೇಕಿಯೋಪ್ಲಾಸ್ಟಿ ಎಂಬ ಶಸ್ತ್ರಕ್ರಿಯೆಯಲ್ಲಿ ಕಿರಿದಾದ ಭಾಗವನ್ನು ನಡುವೆ ಅಡ್ಡ ಕತ್ತರಿಸಿ, ಒಂದು ತುಂಡನ್ನು ಮುಂದೆ, ಇನ್ನೊಂದನ್ನು ಹಿಂದೆ ಸೀಳಿ, ಒಂದರ ಮೇಲೊಂದು ಜಾರಿಸಿ ಹೊಲಿಯುತ್ತಾರೆ. ಉದ್ದ ಅರ್ಧವಾಗುತ್ತದೆ, ಸುತ್ತಳತೆ ಇಮ್ಮಡಿ, ಗಾಳಿಯ ದಾರಿ ಸುಮಾರು ನಾಲ್ಕು ಪಟ್ಟು. ಹೊಲಿಗೆಯ ಅಂಚಿನಲ್ಲಿ ಮಾಂಸ ಬೆಳೆದರೆ ದಾರಿ ಮತ್ತೆ ಕಟ್ಟುತ್ತದೆ, ಆಗಾಗ ಇಣುಕಿ ನೋಡಬೇಕು. ಹಾಗೆ ಇಣುಕಲು ಉಸಿರುನಾಳಕ್ಕೆ ಇಳಿಸುವ ಕೊಳವೆ, ನಮ್ಮ 2.5 ಸೈಜಿನ ಬ್ರಾಂಕೋಸ್ಕೋಪಿನ ಟೆಲಿಸ್ಕೋಪ್ ಈಗ ಮಂಕಾಗಿದೆ.

ಬೇಕಿರುವುದು ದೊಡ್ಡವರ ಪ್ರೋಬ್ ಒಂದು, ಮಕ್ಕಳದ್ದೊಂದು, ಈ ಟೆಲಿಸ್ಕೋಪ್ ಒಂದು. ಖರ್ಚಿನ ಬಹುಪಾಲು ಪ್ರೋಬ್‌ಗಳದೇ. ಸುಮಾರು ಅರ್ಧ ಹಣ ಕೂಡಿದೆ. ತಿಂಗಳ ಕೊನೆಯೊಳಗೆ ಮುಂಗಡ ಕಟ್ಟಬೇಕು. ಕೈಲಾದಷ್ಟು ಕೊಡಿ, ರಸೀದಿ ಕಳಿಸುತ್ತೇವೆ.

ಇತಿ,
ಟ್ರಸ್ಟಿಗಳು