ಊರಿಗೆ ಹೊರಡುವ ಮುಂಚೆ

ಕೌಲ್ ಬಜಾರ್, ಬಳ್ಳಾರಿ

ಪ್ರೀತಿಯ ಮಗಳೇ,

ದೊಡ್ಡವ್ವನ ಆಶೀರ್ವಾದ. ಕನ್ಯಾಸ್ತ್ರೀ ಆದ ಮೇಲೆ ಊರಿಗೆಲ್ಲ ನೀನು ಸಿಸ್ಟರ್ ಆಗಿರಬಹುದು, ನಾನು ಮಾತ್ರ ಮಗಳೇ ಅಂತಲೇ ಬರೆಯುತ್ತೇನೆ.

ನಿನ್ನ ಮೆಸೇಜನ್ನು ನಿನ್ನ ಅವ್ವ ಓದಿ ಹೇಳಿದಳು. ಆಮೇಲೆ ನಾನೇ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದೆ. ಟಾಂಜಾನಿಯಾದಿಂದ ಹೊರಡುವ ದಿನ ಹತ್ತಿರ ಬಂತು, ಆದರೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ ಅಂತ ಬರೆದಿದ್ದೀಯ. ಹೊಲಿಗೆ ಕ್ಲಾಸಿಗೆ ಬರುತ್ತಿದ್ದ ಹೆಣ್ಣುಮಕ್ಕಳಲ್ಲಿ ಅರ್ಧ ಜನ ಬಿಟ್ಟರು. ಶಾಲೆಯ ಹೊಸ ಕೋಣೆಗೆ ಇನ್ನೂ ತಗಡು ಹೊದಿಸಿಲ್ಲ. ಇದನ್ನೆಲ್ಲ ಉದ್ದಕ್ಕೆ ಬರೆದಿದ್ದೀಯ. ಪಕ್ಕದ ಮನೆಯ ಅಜ್ಜಿ ಹೊಸ ಶೇಂಗಾ ತಂದುಕೊಟ್ಟದ್ದು, ಮಕ್ಕಳು ದೂರದಿಂದಲೇ ‘ಶಿಕಾಮೂ’ ಅಂತ ದೊಡ್ಡವರಿಗೆ ಹೇಳುವ ನಮಸ್ಕಾರ ಕೂಗುತ್ತಾ ಓಡಿಬರುವುದು, ಇವೆರಡಕ್ಕೆ ಮಾತ್ರ ಕೊನೆಯಲ್ಲಿ ಒಂದೇ ಸಾಲು.

ನನಗೆ ಆ ಕೊನೆಯ ಸಾಲೇ ಪತ್ರ ಅನಿಸಿತು. ಅದರ ಮೇಲಿನದ್ದೆಲ್ಲ ವರದಿ. ವರದಿ ಬರೆಯಲೇಬೇಕು, ನಿಮ್ಮ ಮಠದ ಮದರ್ ಅವರಿಗೆ ಕೊಡಬೇಕಲ್ವಾ. ದೇವರ ಮುಂದೆ ಕೂತಾಗಲೂ ಅದನ್ನೇ ಓದುತ್ತಾ ಕೂರಬೇಡ.

ಸಂತ ಲೂಕನ ಶುಭಸಂದೇಶದ 10ನೇ ಅಧ್ಯಾಯವನ್ನು ಈ ವಾರ ನಿಧಾನವಾಗಿ ಓದು. ನೂರು ಸಲ ಓದಿರುತ್ತೀಯ, ಆದರೂ ಹೊರಡುವ ಕಾಲದಲ್ಲಿ ಅದು ಬೇರೆ ಥರ ಕೇಳಿಸುತ್ತದೆ. ಯೇಸುಸ್ವಾಮಿ 72 ಮಂದಿಯನ್ನು ಇಬ್ಬಿಬ್ಬರಾಗಿ ಕಳಿಸುತ್ತಾರೆ. ಹಣದ ಚೀಲ ಬೇಡ, ಜೋಳಿಗೆ ಬೇಡ, ಕಾಲಿಗೆ ಕೆರವೂ ಬೇಡ. ಹೋದ ಮನೆಯಲ್ಲಿ ಕೊಟ್ಟದ್ದನ್ನು ಉಂಡು ಅಲ್ಲೇ ಇರಿ ಅನ್ನುತ್ತಾರೆ. ಹೋದವರು ಖುಷಿಯಿಂದ ವಾಪಸ್ ಬಂದು, ದೆವ್ವಗಳು ಕೂಡ ನಮ್ಮ ಮಾತು ಕೇಳಿದವು ಅಂತ ಹೇಳುತ್ತಾರೆ. ಎಷ್ಟು ದೊಡ್ಡ ವರದಿ! ಅದಕ್ಕೆ ಸ್ವಾಮಿ, ಅದಕ್ಕಾಗಿ ಸಂತೋಷಪಡಬೇಡಿ, ನಿಮ್ಮ ಹೆಸರು ಸ್ವರ್ಗದಲ್ಲಿ ಬರೆದಿದೆ ಅಂತ ಸಂತೋಷಪಡಿ ಅನ್ನುತ್ತಾರೆ. ಗೆದ್ದು ಬಂದವರಿಗೆ ಹೇಳಿದ ಮಾತು ಇದು, ಗಮನಿಸು. ಗೆದ್ದವರ ಲೆಕ್ಕವನ್ನೇ ಪಕ್ಕಕ್ಕಿಟ್ಟ ಸ್ವಾಮಿ, ನಿನ್ನ ಶಾಲೆಗೆ ತಗಡು ಬಂತಾ ಅಂತ ಕೇಳುತ್ತಾರಾ?

ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ಒಂದು ನೋಟ್‌ಬುಕ್ ಇಟ್ಟುಕೋ. ರಾತ್ರಿ ಮಲಗುವ ಮುಂಚೆ, ಆ ದಿನ ನಿನಗೆ ಒಳ್ಳೆಯದು ಮಾಡಿದವರ ಹೆಸರು ಬರೆ. ನೀನು ಮಾಡಿದ್ದು ಬೇಡ, ನಿನಗೆ ಸಿಕ್ಕಿದ್ದು. ಬಸ್ಸಿನಲ್ಲಿ ಜರುಗಿ ಜಾಗ ಕೊಟ್ಟವರು, ನಿನ್ನ ಸ್ವಾಹಿಲಿ ತಿದ್ದಿದ ಹುಡುಗಿ, ನೀರು ಹಿಡಿಯುವಾಗ ಬಕೆಟ್ ಎತ್ತಿಕೊಟ್ಟ ಹೆಂಗಸು. ಹೆಸರು ಗೊತ್ತಿಲ್ಲದಿದ್ದರೆ ಮರುದಿನ ಹೋಗಿ ಕೇಳು. ಕೇಳಿದ ನೆಪದಲ್ಲಿ ಎರಡು ಮಾತು ಆಡಿದಂತೆಯೂ ಆಗುತ್ತದೆ. ಸಂತ ಇಗ್ನೇಷಿಯಸ್ ಕಲಿಸಿಕೊಟ್ಟ ಆತ್ಮಪರಿಶೋಧನೆಯೂ ಕೃತಜ್ಞತೆಯಿಂದಲೇ ಶುರುವಾಗುತ್ತದೆ, ತಪ್ಪು ಹುಡುಕುವುದು ಅದಾದ ಮೇಲೆ. ನಾವು ಮಾತ್ರ ನೇರ ತಪ್ಪಿಗೇ ಕೈ ಹಾಕುತ್ತೇವೆ, ಅಲ್ವಾ?

ಇನ್ನೊಂದು. ಕೊಡುವುದು ನಿಮ್ಮಂಥ ಸಿಸ್ಟರ್‌ಗಳಿಗೆ ರೂಢಿ, ತೆಗೆದುಕೊಳ್ಳುವುದೇ ಕಷ್ಟ. ಬಡವರ ಮನೆ, ಅವರ ಹಿಟ್ಟು ಯಾಕೆ ಖರ್ಚು ಮಾಡಿಸಲಿ ಅಂತ ಊಟಕ್ಕೆ ಕರೆದಾಗ ತಪ್ಪಿಸಿಕೊಳ್ಳುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು. ಈಗ ಯಾರು ಕರೆದರೂ ಹೋಗು. ಅವರ ಹಿಟ್ಟಿನ ಮುದ್ದೆ ಉಗಾಲಿ ಬಡಿಸಿದರೆ ಅವರ ಹಾಗೇ ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನಲ್ಲಿ ಅದ್ದಿ ಉಣ್ಣು. ಅರ್ಜೆಂಟಾಗಿ ಎದ್ದು ಬರಬೇಡ. ನೀನಿರುವ ದೊಡೊಮಾ ಕಡೆ ನಮ್ಮಲ್ಲಿಯ ಹಾಗೇ ಮಳೆ ಕಡಿಮೆ, ಬಂಡೆ ಜಾಸ್ತಿ, ಜೋಳ ಸಜ್ಜೆ ಬೆಳೆಯುತ್ತಾರೆ ಅಂತ ನೀನೇ ಹೇಳಿದ್ದೆ. ಅಂಥ ನೆಲದಲ್ಲಿ ಬೆಳೆದ ಶೇಂಗಾವನ್ನು ಒಬ್ಬ ಮುದುಕಿ ತನ್ನ ಕಾಂಗಾ ಬಟ್ಟೆಯ ಅಂಚಿನಲ್ಲಿ ಕಟ್ಟಿ ತಂದುಕೊಡುತ್ತಾಳೆ ಅಂದರೆ ಏನು ಅಂತ ಬಳ್ಳಾರಿ ಹುಡುಗಿಗೆ ನಾನು ಬಿಡಿಸಿ ಹೇಳಬೇಕಾ? ಅವಳು ಮೊದಲು ಮೊಮ್ಮಕ್ಕಳಿಗೆ ತೆಗೆದಿಡಬಹುದಿತ್ತು. ಮಾರಬಹುದಿತ್ತು. ನಿನಗೆ ತಂದಳು. ಅದನ್ನು ನೀನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟೆಯಲ್ಲಾ!

ಏನೂ ನಿಲ್ಲಲಿಲ್ಲ ಅಂತ ಕೊರಗುತ್ತಿದ್ದೀಯ. ನಿನ್ನ ಹಾಗೆ ದೂರದಿಂದ ನಮ್ಮೂರಿಗೂ ಬಂದವರಿದ್ದರು. ಅವರು ಪ್ರಾಟೆಸ್ಟೆಂಟರು, ನಾವು ಕಥೋಲಿಕರು, ಆದರೂ ನೆನೆಯಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1843ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಮರುವರ್ಷ ನಮ್ಮ ಬಳ್ಳಾರಿಯಲ್ಲಿ ‘ಕನ್ನಡ ಸಮಾಚಾರ’ ಅಂತ ಅಚ್ಚಾಯಿತು. ಬಹಳ ಕಾಲ ನಡೆಯಲಿಲ್ಲ. ಈಗ ಪ್ರತಿ ಜುಲೈಯಲ್ಲಿ ಅದರ ನೆನಪಿಗೇ ಪತ್ರಿಕಾ ದಿನ ಮಾಡುತ್ತಾರೆ. ನಿನ್ನ ಕೆಲಸವೂ ಮುಂದೆ ಹೀಗೆ ಹೆಸರಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆಗದೆಯೂ ಇರಬಹುದು. ಪತ್ರಿಕೆ ನಿಂತ ದಿನ ಅವರಿಗೂ ಮುಂದಿನದ್ದು ಗೊತ್ತಿರಲಿಲ್ಲ. ಅಷ್ಟು ದಿನ ಯಾರೋ ಓದಿದರು, ಯಾರೋ ಓದಿಸಿ ಕೇಳಿದರು. ಅವರ ಪಾಲಿಗೆ ಇದ್ದದ್ದು ಅಷ್ಟೇ. ನಿನ್ನ ಕ್ಲಾಸಿನಲ್ಲಿ ಉಳಿದ ಅರ್ಧ ಜನ ಇದ್ದಾರಲ್ಲ, ಅವರು ಇವತ್ತು ಏನು ಹೊಲಿದರು ಅಂತ ನೋಡು.

ಮಿಷನ್ ಕೆಲಸದ ಪಾಲಕ ಸಂತರಲ್ಲಿ ಫ್ರಾನ್ಸಿನ ಕನ್ಯಾಸ್ತ್ರೀ ಚಿಕ್ಕ ತೆರೇಸಮ್ಮನೂ ಒಬ್ಬಳು. 1927ರಿಂದ ಅವಳಿಗೆ ಆ ಸ್ಥಾನ. ಮಠದ ಬಾಗಿಲು ದಾಟಿ ಯಾವ ದೇಶಕ್ಕೂ ಮಿಷನ್ನಿಗೆ ಹೋದವಳಲ್ಲ. 24 ವರ್ಷಕ್ಕೇ ತೀರಿಕೊಂಡಳು. ಇದಕ್ಕಿಂತ ಹೆಚ್ಚು ನಾನೇನು ಹೇಳಲಿ.

ಇನ್ನು ಹೊರಡುವ ತಯಾರಿ. ಕೀಲಿಕೈಗಳನ್ನು ಕೊನೆಯ ದಿನದವರೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡಿರಬೇಡ. ನಾನು ಶಾಲೆಯಿಂದ ರಿಟೈರ್ ಆಗುವಾಗ ಸ್ಟೋರ್ ರೂಮಿನ ಕೀಲಿಯನ್ನು ಮೊದಲೇ ಕಿರಿಯ ಟೀಚರ್‌ಗೆ ಕೊಟ್ಟುಬಿಟ್ಟೆ. ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಮಕ್ಕಳನ್ನು ಬಿಡಲು ಬರುವ ತಾಯಂದಿರ ಜೊತೆ ಮಾತಾಡಲು ಆಗ ಪುರುಸೊತ್ತು ಸಿಕ್ಕಿತು. ನೀನೂ ಹೊಲಿಗೆ ಕ್ಲಾಸನ್ನು ಈಗಲೇ ಅಲ್ಲಿಯ ಹುಡುಗಿ ಒಬ್ಬಳಿಗೆ ಒಪ್ಪಿಸು. ಅವಳು ಬೇರೆ ಥರ ನಡೆಸಿದರೆ ನಡೆಸಲಿ. ನೀನು ಹಿಂದಿನ ಬೆಂಚಿನಲ್ಲಿ ಕೂತು ಗುಂಡಿ ಹಚ್ಚಿಕೊಡು.

ಮತ್ತೆ ಬರುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡ. ಕಳಿಸುವುದು ನಿಮ್ಮ ಸಭೆಯ ಕೈಯಲ್ಲಿದೆ, ನಿನ್ನ ಕೈಯಲ್ಲಿಲ್ಲ. ಮಾತು ಕೊಟ್ಟರೆ ಆ ಶೇಂಗಾ ಅಜ್ಜಿ ಕಾಯುತ್ತಾ ಕೂರುತ್ತಾಳೆ. ಅವಳ ಹತ್ತಿರ ಕೂತು, ‘ನೀವು ಕೊಟ್ಟದ್ದನ್ನು ಮರೆಯುವುದಿಲ್ಲ’ ಅಂತ ಹೇಳು, ಸಾಕು. ಅಳು ಬಂದರೆ ಅತ್ತುಬಿಡು. ಸಿಸ್ಟರ್ ಅಳಬಾರದು ಅಂತ ಎಲ್ಲೂ ಬರೆದಿಲ್ಲ.

ನಮಗೆ ಅಂತ ಏನೂ ಕೊಳ್ಳಬೇಡ. ಸುಮ್ನೆ ಭಾರ. ವಿಮಾನದ ದಿನ ಗೊತ್ತಾದ ಕೂಡಲೇ ತಿಳಿಸು. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಬೇಕು, ತಡ ಮಾಡಿದರೆ ಸಿಗುವುದಿಲ್ಲ. ಸ್ಟೇಷನ್ನಿಗೆ ನಿನ್ನ ಅಪ್ಪ ಬರುತ್ತಾನೆ.

ನಿನ್ನ
ದೊಡ್ಡವ್ವ