ಲಾಬಿಯಷ್ಟೇ ಅಲ್ಲ, ಚರ್ಚೂ ಇದೆ

ಮಾನ್ಯ ಸಂಪಾದಕರೇ,

ಅಮೆರಿಕ ಇಸ್ರೇಲ್ ಬೆನ್ನಿಗೆ ನಿಲ್ಲುವುದು ‘ಯಹೂದಿ ಲಾಬಿ’ಯ ದೆಸೆಯಿಂದ ಎಂಬ ಮಾತನ್ನು ನಿಮ್ಮ ಪುಟಗಳಲ್ಲಿ ಓದಿ ಓದಿ ಸಾಕಾಗಿದೆ. ಲಾಬಿ ಇಲ್ಲವೆನ್ನುವುದಿಲ್ಲ. ಆದರೆ ಲೇಖಕರು ಚರ್ಚಿನ ಬಾಗಿಲನ್ನು ಒಮ್ಮೆಯೂ ತಟ್ಟುವುದಿಲ್ಲವಲ್ಲ!

ಇಸ್ರೇಲ್‌ನ ನೆಲವನ್ನು ಯಹೂದಿಗಳಿಗೆ ದೇವರೇ ಕೊಟ್ಟನೇ ಎಂಬ ಪ್ರಶ್ನೆಗೆ ಪ್ಯೂ ಸಂಶೋಧನಾ ಕೇಂದ್ರ 2013ರಲ್ಲಿ ಪ್ರಕಟಿಸಿದ ಉತ್ತರ ನೋಡಿ. ಹೌದೆಂದ ಅಮೆರಿಕದ ಯಹೂದಿಗಳು ಶೇ 40. ಹೌದೆಂದ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರು (ಬೈಬಲ್ಲೇ ಪರಮಪ್ರಮಾಣವೆನ್ನುವ ಪ್ರೊಟೆಸ್ಟೆಂಟರು) ಶೇ 82. ನೆಲ ಪಡೆದವರಿಗಿಂತ ಸಾಕ್ಷಿಗೆ ನಿಂತವರಿಗೇ ಖಾತ್ರಿ ಹೆಚ್ಚು.

ಆ ಖಾತ್ರಿಗೆ ಆಧಾರ ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ 12ನೇ ಅಧ್ಯಾಯ: ಯಹೂದಿಗಳ ಮೂಲಪುರುಷ ಅಬ್ರಹಾಮನನ್ನು ಹರಸುವವರನ್ನು ತಾನು ಹರಸುವುದಾಗಿ ದೇವರು ಅಲ್ಲಿ ಮಾತು ಕೊಡುತ್ತಾನೆ. ವಚನ ಪ್ರಾಚೀನವಾದದ್ದು. ಕ್ರಿಸ್ತ ಮರಳಿ ಬರುವ ಮುನ್ನ ಯಹೂದಿಗಳು ಆ ನೆಲಕ್ಕೆ ಮರಳಲೇಬೇಕೆಂಬ ಇಂದಿನ ಓದು ಮಾತ್ರ ಅಷ್ಟು ಹಳೆಯದಲ್ಲ. 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ ಅದಕ್ಕೆ ರೂಪ ಕೊಟ್ಟ. 1909ರ ಸ್ಕೋಫೀಲ್ಡ್ ಬೈಬಲ್‌ನ ಟಿಪ್ಪಣಿಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಯಹೂದಿ ರಾಷ್ಟ್ರ ಚಳವಳಿಯ ನಾಯಕ ಥಿಯೋಡರ್ ಹರ್ಜ್ಲ್ ಆ ರಾಷ್ಟ್ರದ ಕುರಿತ ಪುಸ್ತಕ ಹೊರತರುವುದಕ್ಕೆ ಐದು ವರ್ಷ ಮೊದಲೇ, 1891ರಲ್ಲಿ, ವಿಲಿಯಂ ಬ್ಲ್ಯಾಕ್‌ಸ್ಟೋನ್ ಎಂಬ ಕ್ರೈಸ್ತ ಪ್ರಚಾರಕ ಪ್ಯಾಲೆಸ್ಟೀನನ್ನು ಯಹೂದಿಗಳಿಗೆ ಕೊಡಿಸಿ ಎಂದು ಅಧ್ಯಕ್ಷ ಹ್ಯಾರಿಸನ್‌ಗೆ ಮನವಿ ಸಲ್ಲಿಸಿದ್ದ. ಸಹಿ ಹಾಕಿದವರಲ್ಲಿ ತೈಲೋದ್ಯಮಿ ರಾಕ್‌ಫೆಲರ್ ಕೂಡ ಇದ್ದರು. 2018ರ ಮೇ 14ರಂದು ಜೆರುಸಲೇಮಿನಲ್ಲಿ ಅಮೆರಿಕದ ರಾಯಭಾರ ಕಚೇರಿ ತೆರೆದಾಗ ಪ್ರಾರ್ಥನೆಗೆ ನಿಂತವರಲ್ಲಿ ಟೆಕ್ಸಾಸ್‌ನ ಇಬ್ಬರು ಪಾದ್ರಿಗಳಿದ್ದರು: ರಾಬರ್ಟ್ ಜೆಫ್ರೆಸ್ ಮತ್ತು ಜಾನ್ ಹೇಗಿ. (ಕ್ರಿಸ್ತ ಮರಳಿ ಬರುವ ಈ ಅಂತ್ಯಕಾಲದ ಕಥನದ ಹಲವು ಪಾಠಗಳಲ್ಲಿ ಕ್ರಿಸ್ತನನ್ನು ಒಪ್ಪದ ಯಹೂದಿಗಳಿಗೆ ಉಳಿಗಾಲವಿಲ್ಲ. ವೇದಿಕೆಗಳ ಮೇಲೆ ಆ ಭಾಗ ಅಷ್ಟಾಗಿ ಕೇಳಿಬರುವುದಿಲ್ಲ.)

ಹಾಗೆಂದು ‘ಕ್ರೈಸ್ತರ ಅಭಿಪ್ರಾಯ’ ಎಂದು ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟಿದರೆ ಅದೂ ತಪ್ಪೇ. ಇಸ್ರೇಲ್ ಘೋಷಣೆಯಾದ ಹನ್ನೊಂದೇ ನಿಮಿಷಗಳಲ್ಲಿ ಅದಕ್ಕೆ ಮಾನ್ಯತೆ ಕೊಟ್ಟ ಅಮೆರಿಕದ ಅಧ್ಯಕ್ಷ ಟ್ರೂಮನ್ ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದವರು. ಪ್ಯಾಲೆಸ್ಟೀನಿಯನ್ನರ ಪರ ಮಾತಾಡಿ ಬೈಸಿಕೊಂಡ ಮತ್ತೊಬ್ಬ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೂಡ ಬ್ಯಾಪ್ಟಿಸ್ಟ್, ಭಾನುವಾರದ ಬೈಬಲ್ ತರಗತಿಯ ಮೇಷ್ಟ್ರು. ಇಸ್ರೇಲಿನ ಆಕ್ರಮಿತ ಪ್ರದೇಶದಲ್ಲಿ ಬಳಕೆಯಾಗುವ ಸಾಮಗ್ರಿ ಪೂರೈಸುವ ಮೂರು ಕಂಪನಿಗಳ ಷೇರು ಮಾರಬೇಕೇ ಎಂದು 2014ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚು ಮತಕ್ಕೆ ಹಾಕಿತು. ಮಾರಬೇಕೆಂದವರು 310, ಬೇಡವೆಂದವರು 303. ಒಂದೇ ಪಂಗಡ, ಒಂದೇ ಗ್ರಂಥ, ಏಳು ಮತಗಳ ಅಂತರ.

2023ರ ಕ್ರಿಸ್‌ಮಸ್‌ಗೆ ಬೆತ್ಲೆಹೇಮಿನ ಲೂಥೆರನ್ ಚರ್ಚಿನಲ್ಲಿ ಗೋದಲಿಯ ಬದಲು ಒಡೆದ ಕಾಂಕ್ರೀಟಿನ ರಾಶಿ ಹಾಕಿದ್ದರು. ಅದರ ನಡುವೆ ಪ್ಯಾಲೆಸ್ಟೀನಿಯನ್ನರ ಚೌಕುಳಿ ವಸ್ತ್ರದಲ್ಲಿ ಸುತ್ತಿದ ಬಾಲಯೇಸುವಿನ ಗೊಂಬೆ. ಆ ಚರ್ಚಿನ ಹೆಸರಿನಲ್ಲೂ ‘ಇವ್ಯಾಂಜೆಲಿಕಲ್’ ಎಂಬ ಪದವಿದೆ. ಮುಂದಿನ ವಿಶ್ಲೇಷಣೆ ಪ್ರಕಟಿಸುವಾಗ ಟೆಕ್ಸಾಸ್‌ನ ಪಾದ್ರಿಗಳ ಮಾತಿನ ಜೊತೆಗೆ ಬೆತ್ಲೆಹೇಮಿನವರದಕ್ಕೂ ನಾಲ್ಕು ಸಾಲು ಜಾಗ ಕೊಡಿ.

ಇತಿ,
ನಿಮ್ಮ ಓದುಗ